ದೊಡ್ಡವ್ವನ ಅಂಗಳದ ಕಿಟಕಿ

ಕಿಟಕಿ ಮುಚ್ಚಿದ್ದು ನಾನು, ಅವ್ವ ಅಲ್ಲ. ಸಿಟ್ಟಿನಿಂದ ಮುಚ್ಚಲಿಲ್ಲ, ಹೊಟ್ಟೆಕಿಚ್ಚಿನಿಂದಲೂ ಮುಚ್ಚಲಿಲ್ಲ. ಗಾಳಿಗೆ ಮಗ್ಗದ ಮೇಲಿನ ಎಳೆ ಹರಿಯುತ್ತಿದ್ದವು, ಅದಕ್ಕೆ ಮುಚ್ಚಿದೆ. ಬಣ್ಣ ಹಸಿ ಇತ್ತು, ಹತ್ತಿಕೊಂಡು ಕೂತಿತು. ನಡೆದದ್ದು ಇಷ್ಟೇ. ಆದರೆ ಓಣಿಯವರು ನೇಯ್ದ ಕಥೆ ಬೇರೆ ಇದೆ. ಅದರಲ್ಲಿ ನಮ್ಮವ್ವ ನಿಂಗವ್ವ ನೆಗೆಣ್ಣಿಯ ಮುಖದ ಮೇಲೆ ಕಿಟಕಿ ಬಡಿದ ಗಟವಾಣಿ. ದೊಡ್ಡವ್ವ ಗುರವ್ವ ಕೈಯಲ್ಲಿ ಪಲ್ಯದ ಬಟ್ಟಲು ಹಿಡಿದುಕೊಂಡು ನಿಂತೇ ಉಳಿದ ಬಡಪಾಯಿ. ಆ ಕಥೆಯೊಳಗೆ ನಾನು ಇಲ್ಲವೇ ಇಲ್ಲ. ಇಲ್ಲದ್ದಕ್ಕೆ ನಾನು ಆರಾಮಾಗಿ ಇದ್ದೆ ಎಂದು ಯಾರಾದರೂ ತಿಳಿದರೆ ಅದು ಇನ್ನೊಂದು ಸುಳ್ಳು.

ನಮ್ಮ ಮನೆ ಬನಹಟ್ಟಿಯಲ್ಲಿ, ಮಗ್ಗದ ಸಪ್ಪಳ ನಿಂತರೆ ಜನ ಹೊರಗೆ ಬಂದು ಏನಾಯಿತು ಎಂದು ನೋಡುವಂಥ ಓಣಿಯಲ್ಲಿತ್ತು. ಅಪ್ಪ ಮತ್ತು ದೊಡ್ಡಪ್ಪ ಬೇರೆಯಾದಾಗ ಮನೆಯನ್ನು ರೊಟ್ಟಿ ಮುರಿದ ಹಾಗೆ ಮುರಿದರು. ಮಗ್ಗದ ಕೋಣೆ ನಮಗೆ ಬಂತು, ಅದರ ಹಿಂದಿನ ಅಂಗಳ ಅವರಿಗೆ ಹೋಯಿತು. ಹಂಚಿಕೊಳ್ಳುವಾಗ ಯಾರೂ ಕಿಟಕಿಯ ಮಾತು ಎತ್ತಲಿಲ್ಲ. ಹಾಗಾಗಿ ನಮ್ಮ ಕೋಣೆಯ ಸಾಗವಾನಿ ಕಿಟಕಿ ಅವರ ಅಂಗಳಕ್ಕೆ ತೆರೆಯುತ್ತಿತ್ತು. ಬಾಗಿಲಿಂದ ಬಾಗಿಲಿಗೆ ಹೋಗಬೇಕಾದರೆ ಓಣಿ ಸುತ್ತಿ ಮೂವತ್ತು ಹೆಜ್ಜೆ. ಕಿಟಕಿಯಲ್ಲಾದರೆ ಕೈ ಚಾಚಿದರೆ ಆಯಿತು. ಒಲೆಗೆ ಕೆಂಡ, ಹಾಲಿಗೆ ಹೆಪ್ಪು, ನೂಲು ಸುತ್ತಿದ ಕಂಡಿಕೆ, ಅಳುವ ಕೂಸು, ಎಲ್ಲ ಅದರಲ್ಲೇ ಆ ಕಡೆ ಈ ಕಡೆ ಓಡಾಡುತ್ತಿದ್ದವು. ಬೈಗುಳವೂ ಅದರಲ್ಲೇ. ನನ್ನ ಮಟ್ಟಿಗೆ ಹೇಳುವುದಾದರೆ, ನಾನು ಅವ್ವನ ಕೈಯಲ್ಲಿ ಉಂಡದ್ದಕ್ಕಿಂತ ಆ ಕಿಟಕಿಯಲ್ಲಿ ಕಾಲು ಇಳಿಬಿಟ್ಟು ಕೂತು ದೊಡ್ಡವ್ವನ ಕೈಯಲ್ಲಿ ಉಂಡದ್ದೇ ಹೆಚ್ಚು. ಅವ್ವನ ಅಡುಗೆಯಲ್ಲಿ ಖಾರ ಇರುತ್ತಿತ್ತು, ರುಚಿ ಇರುತ್ತಿರಲಿಲ್ಲ. ಸತ್ತವಳೆಂದು ಸುಳ್ಳು ಹೇಳಲಾರೆ. ದೊಡ್ಡವ್ವ ಕಟಕ ರೊಟ್ಟಿಯ ಮೇಲೆ ಅಗಸಿ ಚಟ್ನಿ ಸುರಿದು, ನಡುವೆ ಕುಣಿ ಮಾಡಿ ಎಣ್ಣೆ ಬಿಟ್ಟು ಕೊಡುತ್ತಿದ್ದಳು.

ಇಬ್ಬರೂ ದಿನಾ ಜಗಳ ಆಡುತ್ತಿದ್ದರು. ಜಗಳ ಇಲ್ಲದ ದಿನ ಯಾರಿಗೋ ಜ್ವರ ಬಂದಿದೆ ಎಂದು ತಿಳಿಯಬೇಕು. ಬೆಳಿಗ್ಗೆ ಹತ್ತಿದ್ದು ಸಂಜೆ ದೀಪ ಹಚ್ಚುವಷ್ಟರಲ್ಲಿ ಆರುತ್ತಿತ್ತು. ಕಿಟಕಿ ಮುಚ್ಚಿದ ಆ ವರ್ಷ, ದಸರೆಯ ಖಂಡೇನವಮಿಗೆ ಮೂರು ದಿನ ಇರುವಾಗ ಹತ್ತಿದ ಜಗಳ ಒಂದು ಆಡಿನ ಮರಿಯ ಸಲುವಾಗಿ. ದೊಡ್ಡವ್ವ ಸಾಕಿದ ಮರಿ ಕಿಟಕಿಯಲ್ಲಿ ತಲೆ ತೂರಿಸಿ ನಮ್ಮ ಗಂಜಿ ಬೋಗುಣಿ ನೆಕ್ಕಿತು. ಹಾಸಿನ, ಅಂದರೆ ಉದ್ದ ಎಳೆಯ, ನೂಲಿಗೆ ಹಚ್ಚಲು ಕಾಸಿದ ಗಂಜಿ ಅದು. ನೆಕ್ಕಿದ್ದು ಸಾಲದೆ ನೂಲಿನ ಒಂದು ತುದಿಯನ್ನೂ ಜಗಿಯಿತು. ಅವ್ವ ಹೊರಗೆ ಕೇಳುವ ಹಾಗೆ ಕೂಗಿದಳು.

"ಏ ಗುರವ್ವಾ, ನಿನ್ನ ಆಡಿಗಿ ಮೇಯಾಕ ನಮ್ಮ ಹಾಸ ಸಿಕ್ಕತೇನು?"

"ಅದಕ್ಕೇನ ಗೊತ್ತಬೇ, ಅದೇನ ಸಾಲಿ ಕಲತೈತೇನು?"

"ನೀ ಕಲತಿದ್ದರ ಅದೂ ಕಲೀತಿತ್ತು. ನಾಳಿಗಿ ಈ ಕಿಡಕೀನ ಮುಚ್ಚಿಬಿಡ್ತೇನಿ ನೋಡು. ನೀನೂ ನಿನ್ನ ಆಡೂ ಆ ಕಡೆ ಆರಾಮಿರ್ರಿ."

"ಮುಚ್ಚs. ನಿನ್ನ ಮಾರಿ ನೋಡೂದರs ತಪ್ಪತೈತಿ."

ಇಷ್ಟು ಮಾತು ಓಣಿಯೆಲ್ಲ ಕೇಳಿತು. ಯಾರೂ ತಲೆ ಎತ್ತಲಿಲ್ಲ, ಇದು ದಿನದ ಮಾತು. ಆ ರಾತ್ರಿ ಊಟಕ್ಕೆ ದೊಡ್ಡವ್ವನ ಕಡೆಯಿಂದ ಬದನೆಕಾಯಿ ಎಣ್ಣೆಗಾಯಿ ಬಂತು, ಅದೇ ಕಿಟಕಿಯಲ್ಲಿ.

ಮರುದಿನ ಬೆಳಿಗ್ಗೆ ಅಪ್ಪ ಕಿಟಕಿಗೆ ಬಣ್ಣ ಬಳಿದ. ಖಂಡೇನವಮಿಗೆ ನಮ್ಮಲ್ಲಿ ಮಗ್ಗಕ್ಕೆ ಪೂಜೆ, ಅದಕ್ಕೆ ಮುಂಚೆ ಬಾಗಿಲು ಕಿಟಕಿಗೆಲ್ಲ ಬಣ್ಣ. ಯಾರೋ ಕಬ್ಬಿನ ಟ್ರೇಲಿಗೆ ಬಳಿದು ಉಳಿದ ಹಸಿರು ಎಣ್ಣೆಬಣ್ಣ ತಂದಿದ್ದ. ಡಬ್ಬಿಯ ತಳ ಹಿಡಿದಿತ್ತು, ಅಂಬಲಿಯಷ್ಟು ದಪ್ಪ. ಎಣ್ಣೆ ಬೆರೆಸಿ ತಿಳಿ ಮಾಡುವ ವ್ಯವಧಾನ ಅವನಿಗಿರಲಿಲ್ಲ. ಪೂಜೆಯ ದಿನ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇರಬಾರದು ಎಂದು ಅವನ ಹಟ, ಸೀರೆ ಇನ್ನೂ ಮೂರು ಮೊಳ ಬಾಕಿ ಇತ್ತು. ಬಣ್ಣ ಬಳಿದವನೇ ಕೈ ಒರೆಸಿಕೊಂಡು ನೆಲದಲ್ಲಿ ತೋಡಿದ ಮಗ್ಗದ ಕುಣಿಗೆ ಇಳಿದ.

"ಕಾಶೀ, ಬಣ್ಣ ಆರೂತನಾ ಕಿಡಕಿ ಹಾಕಬ್ಯಾಡ" ಎಂದ. ಕಾಶಿ ಎಂದರೆ ನಾನು. ಮೂರನೆಯ ಇಯತ್ತೆಗೆ ಶಾಲೆ ಬಿಡಿಸಿ ಎಳೆ ಕೂಡಿಸಲು ಕೂರಿಸಿದ್ದರು. ಹರಿದ ಎಳೆಗೆ ಗಂಟು ಹಾಕುವುದು ಸಣ್ಣ ಬೆರಳಿನ ಕೆಲಸ.

ನೇಕಾರರ ಮನೆಯಲ್ಲಿ ಗಾಳಿ ಬೀಸುವಾಗ ಕಿಟಕಿ ತೆರೆದಿಡುವುದಿಲ್ಲ. ಗಾಳಿ ಹೊಡೆದರೆ ಗಂಜಿ ಹಚ್ಚಿದ ನೂಲು ಒಣಗಿ ಶಾವಿಗೆಯ ಹಾಗೆ ಮುರಿಯುತ್ತದೆ. ಮಗ್ಗವನ್ನು ತಂಪು ಕುಣಿಯಲ್ಲಿ ಇಡುವುದೇ ಅದಕ್ಕೆ. ಅವತ್ತು ಮಧ್ಯಾಹ್ನ ಒಣ ಗಾಳಿ ಎದ್ದಿತು. ಒಂದು ಎಳೆ ಹರಿಯಿತು, ಕೂಡಿಸಿದೆ. ಎರಡು ಹರಿದವು. ಆಮೇಲೆ ಒಂದು ಕೂಡಿಸುವುದರೊಳಗೆ ನಾಲ್ಕು ಹರಿಯತೊಡಗಿದವು. ಅಪ್ಪ ಲಾಳಿ ಹಿಡಿದು ನನ್ನ ನೆತ್ತಿಗೆ ಒಂದು ಕೊಟ್ಟ.

"ಕಣ್ಣ ಎಲ್ಲಿ ಅದಾವ ಬೇ ನಿನ್ನ? ನಾ ಚಾ ಕುಡದ ಬರೂದ್ರಾಗ ಎಲ್ಲಾ ಕೂಡಿರಬೇಕು."

ಅವನು ಹೊರಗೆ ಹೋದ. ನಾನು ಎದ್ದು ಎರಡೂ ಬಾಗಿಲು ಎಳೆದು ಮುಚ್ಚಿದೆ. ಗಾಳಿಗೆ ಮತ್ತೆ ತೆರೆದುಕೊಂಡವು. ಚಿಲಕ ಹಾಕಿದೆ. ಕೈಗೆಲ್ಲ ಹಸಿರು ಹತ್ತಿತು, ಲಂಗದ ಒಳಗಡೆ ಒರೆಸಿಕೊಂಡೆ. ಎಳೆ ಹರಿಯುವುದು ನಿಂತಿತು. ಬಣ್ಣ ಕೆಟ್ಟರೆ ಒಂದು ಬೈಗುಳ, ಎಳೆ ಕೆಟ್ಟರೆ ಏಟು. ನೇಕಾರರ ಮನೆಯ ಯಾವ ಹುಡುಗಿಯಾದರೂ ಅದನ್ನೇ ಮಾಡುತ್ತಿದ್ದಳು. ಅಪ್ಪ ಬಂದ, ಕತ್ತಲಾಯಿತಲ್ಲ ಎಂದು ಬಲ್ಬು ಹಾಕಿದ. ಯಾಕೆ ಕತ್ತಲಾಯಿತು ಎಂದು ಕೇಳಲಿಲ್ಲ. ಎಳೆ ಹರಿಯದಿದ್ದರೆ ನೇಕಾರನಿಗೆ ಬೇರೆ ಏನೂ ಕಾಣುವುದಿಲ್ಲ. ನಾನು ತುಸು ಹೊತ್ತಿಗೆ ತೆಗೆಯಬೇಕು ಎಂದುಕೊಂಡೆ. ಮರೆತೆ.

ಸಂಜೆ ದೊಡ್ಡವ್ವ ಪುಂಡಿಪಲ್ಯದ ಬಟ್ಟಲು ಹಿಡಿದು ಬಂದು ಕಿಟಕಿ ಬಡಿದಳು. ಅವ್ವ ಅಡುಗೆಮನೆಯಿಂದ ಬಂದು ಚಿಲಕ ಸರಿಸಿ ನೂಕಿದಳು. ಬರಲಿಲ್ಲ. ಭುಜ ಕೊಟ್ಟಳು, ಬರಲಿಲ್ಲ. "ಹತ್ತೈತಿ ಬೇ, ಬರವಲ್ದು" ಎಂದು ಕೂಗಿದಳು. ಅಪ್ಪ ಮಗ್ಗ ನಿಲ್ಲಿಸಲಿಲ್ಲ, ಆ ಸಪ್ಪಳದಲ್ಲಿ ದೊಡ್ಡವ್ವನಿಗೆ ಏನು ಕೇಳಿಸಿತೋ ಏನೋ. "ಮುಚ್ಚತೇನಿ ಅಂದಾಕಿ ಮುಚ್ಚೇಬಿಟ್ಟಳಲ್ಲs" ಎಂದು ಆಚೆಗೆ ಅವಳು ಹೇಳಿದ್ದು ಮಾತ್ರ ನಮಗೆ ಚೆನ್ನಾಗಿ ಕೇಳಿಸಿತು. ಆ ಬಟ್ಟಲನ್ನು ಹಾಗೇ ಹಿಡಿದುಕೊಂಡು ಓಣಿಯ ಕಟ್ಟೆಗೆ ಹೋಗಿ ಕೂತಳು. ಕತ್ತಲಾಗುವುದರೊಳಗೆ ಬಟ್ಟಲು ನೋಡದವರು ಓಣಿಯಲ್ಲಿ ಉಳಿಯಲಿಲ್ಲ.

ಅವ್ವ ನನ್ನ ಕಡೆ ತಿರುಗಿ ಯಾರು ಮುಚ್ಚಿದ್ದು ಎಂದು ಕೇಳಿದಳು.

"ಗಾಳಿಗಿ ಹಾಕ್ಕೊಂತು" ಎಂದೆ.

ಅವ್ವ ಚಿಲಕ ನೋಡಿದಳು. ಗಾಳಿ ಬಾಗಿಲು ಹಾಕಬಹುದು, ಚಿಲಕ ಹಾಕುವುದಿಲ್ಲ. ಆ ಚಿಲಕವನ್ನು ಸರಿಸಿದವಳು ಅವಳೇ. ಆಮೇಲೆ ನನ್ನ ಲಂಗದ ಅಂಚು ಎತ್ತಿ ಒಳಗಿನ ಹಸಿರು ನೋಡಿದಳು. ಒಲೆಯ ಕಡೆ ಹೋದಳು. ಮಗಳನ್ನು ಉಳಿಸಲು ಸುಮ್ಮನಾದಳು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ನನಗೆ ಹಾಗೆ ಅನಿಸುವುದಿಲ್ಲ. ಓಣಿಯವರ ಎದುರಿಗೆ ಹೋಗಿ ನಾನಲ್ಲ, ಕೂಸು ಮುಚ್ಚಿತು ಎಂದು ಅಳುವುದಕ್ಕಿಂತ, ಹೌದು, ಮುಚ್ಚಿದೆ, ಏನೀಗ ಎಂದು ನಿಲ್ಲುವುದು ಅವಳ ಬಾಯಿಗೆ ಹೆಚ್ಚು ಹೊಂದುತ್ತಿತ್ತು. ಪೂಜೆ ಮುಗಿಯಲಿ, ಸುತ್ತಿಗೆ ಹಾಕಿ ತೆಗೆಯೋಣ ಎಂದ ಅಪ್ಪ. ಪೂಜೆ ಮುಗಿಯಿತು. ಅಷ್ಟರಲ್ಲಿ ದೊಡ್ಡವ್ವ ಆ ಕಡೆಯಿಂದ ಕಿಟಕಿಗೆ ಸಗಣಿಯ ಕುಳ್ಳು ಒಟ್ಟಿದ್ದಳು. ಅಪ್ಪನಿಗೂ ಎಳೆ ಹರಿಯುವುದು ಕಡಿಮೆಯಾಗಿತ್ತು. ಹೀಗೆ ಎಲ್ಲರಿಗೂ ಒಂದೊಂದು ಅನುಕೂಲ ಆಯಿತು.

ಅನುಕೂಲ ಆಗದಿದ್ದದ್ದು ನನಗೆ. ಊಟದ ಹೊತ್ತಿಗೆ ಮುಚ್ಚಿದ ಕಿಟಕಿಯ ಕಟ್ಟೆಯ ಮೇಲೆ ಕೂತರೆ ಅವ್ವ "ಅಲ್ಲೇನ ಇಟ್ಟೀ?" ಎಂದು ಎಬ್ಬಿಸುತ್ತಿದ್ದಳು. ಓಣಿಯಲ್ಲಿ ಎದುರಾದರೆ ದೊಡ್ಡವ್ವ ನನ್ನನ್ನು ದಾಟಿ ಹಿಂದಿನ ಗೋಡೆ ನೋಡುತ್ತಿದ್ದಳು. ಹೇಳಬೇಕು, ಹೇಳಬೇಕು ಎಂದು ಅವಳ ಬಾಗಿಲ ತನಕ ಹೋಗುವುದು, ಹೊಸ್ತಿಲು ಕಂಡೊಡನೆ ತಿರುಗಿ ಓಡುವುದು. ಒಂದು ಕಡೆ ಕೂರುವುದು ಆಗಲೇ ತಪ್ಪಿತು. ಮಗ್ಗದ ಹತ್ತಿರ ಕೂತರೆ ಕಿಟಕಿ ಕಾಣುತ್ತಿತ್ತು, ಅದಕ್ಕೆ ನೀರಿಗೆ ಹೋಗುವುದು, ಗಿರಣಿಗೆ ಹೋಗುವುದು, ಕರೆಯದಿದ್ದರೂ ಎಲ್ಲಿಗೋ ಹೋಗುವುದು. ಬೀಳಗಿಗೆ ಮದುವೆಯಾಗಿ ಬಂದ ಮೇಲೂ ಅದೇ. ಅತ್ತೆ ನನಗೆ ಕಾಲಲ್ಲಿ ಚಕ್ರ ಇದೆ ಎನ್ನುತ್ತಿದ್ದಳು. ಬಾಯಿಯೂ ಆಗಿನಿಂದಲೇ ಹೀಗಾಯಿತು. ಒಂದು ಮಾತು ಒಳಗೆ ಸಿಕ್ಕಿಕೊಂಡದ್ದಕ್ಕೆ ಉಳಿದ ಯಾವ ಮಾತನ್ನೂ ಒಳಗೆ ಇಟ್ಟುಕೊಳ್ಳಲಿಲ್ಲ. ಸೊಸೆಗೆ ಸಾರು ನೀರಾಗಿದೆ ಎಂದು, ಬೀಗರಿಗೆ ನಿಮ್ಮ ಮಗ ಕುಡಿಯುತ್ತಾನೆ ಎಂದು, ಮುಖದ ಮೇಲೆ ಹೇಳುತ್ತ ಬಂದೆ. ನೇರ ಮನುಷ್ಯಳು ಎಂದು ಜನ ಹೊಗಳಿದರು. ಅದನ್ನು ಕೇಳಿದಾಗೆಲ್ಲ ನಾನು ಎದ್ದು ಬೇರೆ ಕೆಲಸಕ್ಕೆ ಹೋಗುತ್ತಿದ್ದೆ.

ಅವ್ವ ಸತ್ತಾಗ ದೊಡ್ಡವ್ವ ಬಂದಳು. ಹೂ ಹಾಕಿದಳು, ನೀರು ಮುಟ್ಟದೆ ಹೋದಳು. ಹೋಗುವಾಗ ಯಾರಿಗೋ "ಛಲೋ ಹೆಣಮಗಳು, ಒಂದs ಒಂದು ಕೆಟ್ಟ ಕೆಲಸ ಮಾಡಿದಳು" ಎಂದದ್ದು ನನ್ನ ಕಿವಿಗೆ ಬಿತ್ತು. ಆಗಲಾದರೂ ಹೇಳಬಹುದಿತ್ತು. ಹೆಣ ಇಟ್ಟುಕೊಂಡು ಇದೇನು ಎಂದು ಸುಮ್ಮನಾದೆ. ಹೇಳದಿರಲು ಕಾರಣ ಹುಡುಕುವುದರಲ್ಲಿ ನನ್ನಷ್ಟು ಜಾಣೆ ಇನ್ನೊಬ್ಬಳಿಲ್ಲ.

ಈಗ ಆ ಮನೆಯಲ್ಲಿ ನನ್ನ ತಮ್ಮನ ಮಗ ಮಲ್ಲು ಇದ್ದಾನೆ. ಮಗ್ಗದ ಕುಣಿ ಮುಚ್ಚಿ, ಪವರ್‌ಲೂಮ್ ನಾಲ್ಕು ಹಾಕಿದ್ದಾನೆ. ಹೋದ ತಿಂಗಳು ಫೋನು ಮಾಡಿದವನು ಮಾತಿನ ನಡುವೆ ಹೇಳಿದ: ಆ ಹಳೆ ಕಿಟಕಿ ಕಿತ್ತು ಇಟ್ಟಂಗಿ ಕಟ್ಟುತ್ತೇನೆ, ನಾಳೆ ಗವಂಡಿ ಬರುತ್ತಾನೆ. ನಾನು ಕೈಚೀಲದಲ್ಲಿ ಎರಡು ಸೀರೆ ತುರುಕಿ ಮೊದಲ ಬಸ್ಸು ಹಿಡಿದೆ. ದೊಡ್ಡವ್ವನಿಗೆ ತೊಂಬತ್ತು ಆಗಿರಬೇಕು. ಕಾಲು ಹೋಗಿವೆ, ಕಿವಿ ಕಣ್ಣು ಗಟ್ಟಿ. ಹಗಲೆಲ್ಲ ಅಂಗಳದಲ್ಲಿ ತಗಡಿನ ನೆರಳಿಗೆ, ಮೊದಲು ಕುಳ್ಳು ಒಟ್ಟಿದ್ದ ಅದೇ ಕಿಟಕಿಯ ಬುಡದಲ್ಲಿ ಹೊರಸಿನ ಮೇಲೆ ಇರುತ್ತಾಳೆ. ಬಾಗಿಲಿಂದ ಹೋಗಿ ಹೇಳಬಹುದಲ್ಲ ಎಂದು ಕೇಳುವವರು ಕೇಳಲಿ. ಅರವತ್ತು ವರ್ಷ ಬಾಗಿಲು ಇತ್ತು. ಪ್ರತಿ ಸಲ ಕಾಲು ಬಾಗಿಲಿಗೆ ಹೋಗುತ್ತಿತ್ತು, ಬಾಯಿ "ಚಾ ಆತೇನು ದೊಡ್ಡವ್ವ" ಎಂದು ಕೇಳಿ ತಿರುಗಿ ಬರುತ್ತಿತ್ತು. ಕಿಟಕಿ ಮುಚ್ಚಿದ ಕೈಯಿಂದಲೇ ಅದನ್ನು ತೆಗೆದರೆ ಬಾಯಿ ತಪ್ಪಿಸಿಕೊಳ್ಳಲಾರದು ಎಂದು ಲೆಕ್ಕ ಹಾಕಿದೆ.

ಗವಂಡಿಯನ್ನು ನಾಳೆ ಬಾ ಎಂದು ಹೊರಳಿಸಿ ಕಳಿಸಿದೆ. ಮಲ್ಲು ಸುತ್ತಿಗೆ ತಂದ.

"ಅತ್ತೀ, ಎರಡ ಏಟಿನ ಕೆಲಸರಿ ಇದು."

"ಬಡದರ ಕಟಗಿ ಸೀಳತೈತಿ. ಸರಿ ಆ ಕಡೆ."

"ಹೆಂಗೂ ಒಗ್ಯೂದs ಐತ್ರಿ ಅದು. ಸೀಳಿದರೇನಾತು?"

"ಒಗದ ಮ್ಯಾಲ ಸೀಳು. ಹ್ಯಾಕ್ಸಾ ಬ್ಲೇಡು ಐತೇನು, ಮುರದದ್ದು?"

ಬ್ಲೇಡಿನ ಒಂದು ತುದಿಗೆ ಅರಿವೆ ಸುತ್ತಿ ಹಿಡಿದು, ಎರಡು ಬಾಗಿಲು ಕೂಡುವ ಸಂದಿಯಲ್ಲಿ ಮೇಲಿಂದ ಕೆಳಗೆ ಎಳೆದೆ. ಮೊದಲು ಚಾಕಲೇಟು ಬಣ್ಣ ಎದ್ದಿತು, ಅದರ ಕೆಳಗೆ ನೀಲಿ, ಅದರ ಕೆಳಗೆ ಇನ್ನೊಂದು ನೀಲಿ, ಹೀಗೆ ಪದರಿನ ಕೆಳಗೆ ಪದರು. ಪ್ರತಿ ಖಂಡೇನವಮಿಗೆ ಮೇಲಿಂದ ಮೇಲೆ ಬಳಿಯುತ್ತ ಹೋಗಿದ್ದರು, ಒಬ್ಬರಾದರೂ ತೆಗೆದು ಬಳಿಯಲಿಲ್ಲ. ಹಸಿರು ಎಲ್ಲಕ್ಕಿಂತ ಕೆಳಗೆ, ಕಲ್ಲಿನಂತೆ. ಅಲ್ಲಿಗೆ ಬಂದಾಗ ಬ್ಲೇಡು ಜಾರಿ ಹೆಬ್ಬೆರಳು ಕೊಯ್ಯಿತು. ಮಲ್ಲುವಿನ ಹೆಂಡತಿ ಸವಿತಾ ಅರಿಶಿನ ಹಚ್ಚಿ, ಒಳಗೆ ಹೋಗಿ ಕೂದಲು ಒಣಗಿಸುವ ಮಷೀನು ತಂದಳು.

"ಇದರ ಬಿಸಿಗಿ ಬಣ್ಣ ಮೆತ್ತಗ ಆಗತೈತ್ರಿ ಅತ್ತೀ. ಮೊಬೈಲಿನ್ಯಾಗ ನೋಡೇನಿ."

"ಇದಕ್ಕೂ ಕೆಲಸ ಐತಿ ಅಂತ ಇವತ್ತ ಗೊತ್ತಾತು."

ಖರೇ ಮೆತ್ತಗಾಯಿತು. ಅವಳು ಬಿಸಿ ಹಿಡಿಯುವುದು, ನಾನು ಎಳೆಯುವುದು. ನಡು ಸಂದಿ ಮುಗಿದು ಚೌಕಟ್ಟಿನ ಸುತ್ತ ಬಂದೆವು. ಬಿಜಾಗರಿಗೆ ಮಗ್ಗದ ಎಣ್ಣೆ ಬಿಟ್ಟೆ. ಒಂದು ಮೂಲೆಯಿಂದ ಮೀಟಬಾರದು, ಬಾಗಿಲು ತಿರುಚಿಕೊಳ್ಳುತ್ತದೆ. ಸುತ್ತಲೂ ಸ್ವಲ್ಪ ಸ್ವಲ್ಪ ಸಡಿಲಿಸುತ್ತ ಬರಬೇಕು. ಅದಕ್ಕೆ ತಾಳ್ಮೆ ಬೇಕು, ನನಗೆ ಅದು ಇಲ್ಲ. ನಾಲ್ಕು ಸಲ ಎದ್ದು ಓಣಿಯ ತನಕ ಹೋಗಿ ಬಂದೆ. ಮಧ್ಯಾಹ್ನ ಕರೆಂಟು ಹೋಯಿತು. ನಾಲ್ಕೂ ಮಗ್ಗ ಒಮ್ಮೆಲೆ ನಿಂತವು, ಓಣಿಯ ಮಗ್ಗಗಳೂ ನಿಂತವು. ಬ್ಲೇಡಿನ ಕೆರೆತ ಒಂದೇ ಉಳಿಯಿತು. ಆಗ ಆಚೆಯಿಂದ ಧ್ವನಿ ಬಂತು.

"ಯಾರ ಬೇ ಅದು, ಮುಂಜಾನಿಂದ ಇಲಿ ಕೆರದಂಗ ಕೆರ್ಯಾಕಿ?"

"ನಾ ದೊಡ್ಡವ್ವ, ಕಾಶಿ."

"ಯಾವ ಕಾಶಿ? ಬೀಳಗಿ ಕಾಶಿ? ಏನ ಮಾಡಾಕತ್ತೀ?"

"ಕಿಡಕಿ ತಗ್ಯಾಕತ್ತೇನಿ."

"ಬಿಡು. ನಿಮ್ಮವ್ವ ಹಟಾ ಮಾಡಿ ಮುಚ್ಚಿದ್ದು. ಸತ್ತಾಕಿ ಹಟಾ ಮುರೀಬಾರ್ದು."

ತೆಗೆದ ಮೇಲೆ ಹೇಳೋಣ ಎಂದು ಇಟ್ಟುಕೊಂಡಿದ್ದೆ. ಅಷ್ಟು ಹೊತ್ತು ಬಾಯಿ ಕಾಯಲಿಲ್ಲ.

"ಅವ್ವ ಮುಚ್ಚಿಲ್ಲ. ನಾ ಮುಚ್ಚೇನಿ. ಬಣ್ಣ ಹಸಿ ಇತ್ತು, ಗಾಳಿಗಿ ಎಳಿ ಹರ್ಯಾಕತ್ತಿದ್ದವು. ಚಿಲಕಾನೂ ನಾನs ಹಾಕೇನಿ."

ಆಚೆ ಅದು ಕೇಳಿಸಿತೋ ಇಲ್ಲವೋ. ಸವಿತಾ ಮಷೀನು ಹಿಡಿದುಕೊಂಡೇ ನನ್ನ ಮುಖ ನೋಡಿದಳು. ನಾನು ಬ್ಲೇಡು ಒಗೆದು ಎರಡೂ ಕೈಯಿಂದ ಬಾಗಿಲು ನೂಕಿದೆ. ಒಮ್ಮೆ ಕರ್ರ್ ಎಂದಿತು, ನಿಂತಿತು. ಇನ್ನೊಮ್ಮೆ ಭುಜ ಕೊಟ್ಟೆ. ಬಣ್ಣದ ಚಕ್ಕೆ ಸಿಡಿದು ಬಾಗಿಲು ಆಚೆ ಹಾರಿತು. ದೊಡ್ಡವ್ವ ನಾನು ತಿಳಿದಿದ್ದಕ್ಕಿಂತ ಹತ್ತಿರ ಇದ್ದಳು. ಬಾಗಿಲು ಅವಳ ಮೂಗಿಗೆ ನಾಲ್ಕು ಬೆರಳು ದೂರದಲ್ಲಿ ಹೋಯಿತು. ಅವಳು ಹಿಂದೆ ಸರಿಯಲಿಲ್ಲ. ಮುಖದ ಮೇಲೆ ಹಸಿರು ಪುಡಿ ಉದುರಿತ್ತು, ಒರೆಸಿಕೊಳ್ಳಲಿಲ್ಲ.

"ಖರೆ ಹೇಳು."

"ಖರೇನs."

"ನಿಮ್ಮವ್ವಗ ಗೊತ್ತಿತ್ತೇನು?"

"ಗೊತ್ತಿತ್ತು."

"ಮತ್ತ ಅಕಿ ನನಗ್ಯಾಕ ಹೇಳಲಿಲ್ಲ?"

"ನೀ ಯಾಕ ಕೇಳಲಿಲ್ಲ? ಮೂವತ್ತ ಹೆಜ್ಜಿ ಇತ್ತು ಬಾಗಲಾ."

ಇದನ್ನು ಹೇಳಬಾರದಿತ್ತು. ತಪ್ಪು ಒಪ್ಪಿಕೊಳ್ಳಲು ಹೋದವಳು ಜಗಳಕ್ಕೆ ನಿಂತೆ. ಆದರೆ ಅದೂ ಸುಳ್ಳಲ್ಲ. ದೊಡ್ಡವ್ವ ನನ್ನ ಭುಜದ ಮೇಲಿಂದ ಕೋಣೆಯ ಒಳಗೆ ನೋಡಿದಳು. ಅಲ್ಲಿ ಅಪ್ಪನ ಮಗ್ಗ ಇಲ್ಲ, ಅವ್ವ ಇಲ್ಲ, ನಿಂತ ನಾಲ್ಕು ಕಬ್ಬಿಣದ ಮಗ್ಗ ಇವೆ.

"ಬಾಯಿ ಮಾತ್ರ ನಿಮ್ಮವ್ವಂದs ತಂದೀ" ಎಂದಳು. "ನಾ ಎಷ್ಟ ಮಂದಿಗಿ ಹೇಳೇನಿ ಗೊತ್ತೈತೇನು? ಬಂದ ಸೊಸೆಂದ್ರಿಗೆಲ್ಲಾ ಹೇಳೇನಿ. ಬೀಗರಿಗಿ ಹೇಳೇನಿ. ಅಕಿ ಸತ್ತಾಗ ಅಕಿ ಮನ್ಯಾಗ ನಿಂತ ಹೇಳೇನಿ."

"ಕೇಳೇನಿ."

"ಕೇಳಿ ಸುಮ್ನ ನಿಂತಿದ್ದಿ?"

"ನಿಂತಿದ್ದೆ."

ಅವಳು ಬೈದಿದ್ದರೆ ಒಳ್ಳೆಯದಿತ್ತು. ಕಿಟಕಿಯ ಕಟ್ಟೆ ಹಿಡಿದು ಏಳಲು ನೋಡಿದಳು, ಕಾಲು ಬರಲಿಲ್ಲ, ಮತ್ತೆ ಕೂತಳು.

"ಹೇಳಿದ್ದೆಲ್ಲಾ ತಿರುಗಿ ತರಾಕ ನನಗ ಕಾಲಿಲ್ಲ. ನೀ ಮಾಡಿದ್ದು, ನೀನs ಹೇಳು. ನನಗೊಬ್ಬಾಕಿಗೆ ಹೇಳಿ ಕೈ ತೊಳಕೋಬ್ಯಾಡ. ನಾಳಿಗಿ ನಳ ಬರೂ ದಿನ. ಓಣಿ ಎಲ್ಲಾ ಅಲ್ಲೇ ಇರತೈತಿ."

"ಹೇಳತೇನಿ."

"ನನ್ನ ಹೆಸರ ತಗೀ. ಗುರವ್ವ ಸುಳ್ಳ ಹೇಳಿದಳು ಅನ್ನು."

"ನೀ ಸುಳ್ಳ ಹೇಳಿಲ್ಲ. ನಿನಗ ಗೊತ್ತಿರಲಿಲ್ಲ."

"ಗೊತ್ತು ಮಾಡಕೊಳ್ಳಲಿಲ್ಲ ಅನ್ನು, ಹಂಗಾದರ" ಎಂದು ಮುಖ ತಿರುಗಿಸಿ ಮಲಗಿದಳು. ಕರೆಂಟು ಬಂತು. ಮಗ್ಗ ಶುರುವಾದವು. ಇನ್ನು ಮಾತಾಡಿದ್ದರೂ ಕೇಳುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಸವಿತಾಳ ಎರಡು ಕೊಡ ಎತ್ತಿಕೊಂಡು ನಳಕ್ಕೆ ಹೋದೆ. ಹದಿನೈದು ಇಪ್ಪತ್ತು ಹೆಣ್ಣುಮಕ್ಕಳು ಪಾಳಿ ಹಚ್ಚಿದ್ದರು. ನೀರು ಇನ್ನೂ ಬಂದಿರಲಿಲ್ಲ. ನಿಂಗವ್ವನ ಮಗಳು ನಾನು, ಕಾಶವ್ವ, ನಿಮಗೆಲ್ಲ ಒಂದು ಮಾತು ಹೇಳುವುದಿದೆ, ಗುರವ್ವನ ಅಂಗಳದ ಕಿಟಕಿಯನ್ನು ನಿಂಗವ್ವ ಮುಚ್ಚಲಿಲ್ಲ, ನಾನು ಮುಚ್ಚಿದ್ದು ಎಂದು ಒಂದೇ ಉಸಿರಿಗೆ ಹೇಳಿದೆ. ಯಾರೂ ಬಾಯಿ ಮೇಲೆ ಕೈ ಇಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಮಹಾಲಿಂಗಪುರದಿಂದ ಬಂದ ಸೊಸೆ, ಮುಧೋಳದಿಂದ ಬಂದ ಸೊಸೆ, ಬಾಡಿಗೆಗೆ ಬಂದವರು. ಅವ್ವನ ವಾರಿಗೆಯವರು ಅಲ್ಲಿ ಒಬ್ಬರೂ ಇರಲಿಲ್ಲ, ಆ ಕಥೆ ಕೇಳಿದವರೂ ಅದನ್ನು ಯಾವಾಗಲೋ ಮರೆತು ಬಿಟ್ಟಿದ್ದರು. ಮುಂದೆ ನಿಂತ ಒಬ್ಬ ಚಿಕ್ಕ ಸೊಸೆ, ಸೆರಗು ಸರಿ ಮಾಡಿಕೊಂಡು, ಮರ್ಯಾದೆಯಿಂದಲೇ ಕೇಳಿದಳು.

"ನಿಂಗವ್ವ ಅಂದ್ರ ಯಾರ್ರೀ ಆಯಿ?"

ನಾನು ಕೊಡ ಎರಡನ್ನೂ ಕೆಳಗಿಟ್ಟು, ನಮ್ಮವ್ವ ಯಾರು ಎಂದು ಮೊದಲಿನಿಂದ ಹೇಳಲು ಶುರು ಮಾಡಿದೆ.